ಭಯ–ಹಾಸ್ಯಗಳ ಸಹವಾಸ: ಗಂಭೀರ ಓದುಗರಿಗೆ ಒಂದು ಬಹಿರಂಗ ಪತ್ರ

ಸಾಹಿತ್ಯದ ವ್ಯಾಸಂಗದಲ್ಲಿ ಶ್ರದ್ಧೆಯುಳ್ಳ ಓದುಗರಿಗೂ, ಅಧ್ಯಾಪಕರಿಗೂ, ಊರೂರುಗಳಲ್ಲಿ ಓದುಗರ ಬಳಗಗಳನ್ನು ನಡೆಸುತ್ತಿರುವ ಹಿರಿಯರಿಗೂ ಸವಿನಯ ನಮಸ್ಕಾರಗಳು.

ಮಾನ್ಯರೇ,

ಪುಸ್ತಕಗಳನ್ನು ಆರಿಸುವುದರಲ್ಲಿ ತಾವು ತೋರುವ ಎಚ್ಚರಿಕೆಯನ್ನು ನಾನು ಬಹುಕಾಲದಿಂದ ಗೌರವಿಸುತ್ತ ಬಂದವನು. ಕಾಲಹರಣಕ್ಕೆಂದೇ ಅಚ್ಚಾಗಿ ಬರುವ ರಾಶಿರಾಶಿ ಹೊತ್ತಗೆಗಳ ನಡುವೆ ನಿಜವಾದ ಕೃತಿಯೊಂದು ಕಣ್ಮರೆಯಾಗದಂತೆ ಕಾಪಾಡಿಕೊಂಡು ಬಂದವರು ತಾವೇ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೂ ಆ ಎಚ್ಚರಿಕೆಯು ಒಂದು ಬಗೆಯ ಕೃತಿಗಳ ವಿಷಯದಲ್ಲಿ ಅನಾದರವಾಗಿ ಪರಿಣಮಿಸಿದೆಯೆಂದೂ, ಅದರಿಂದ ನಷ್ಟವಾಗುತ್ತಿರುವುದು ಆ ಕೃತಿಗಳಿಗಲ್ಲ, ನಮಗೇ ಎಂದೂ ಬಿನ್ನವಿಸಿಕೊಳ್ಳುವುದಕ್ಕಾಗಿ ಈ ಪತ್ರವನ್ನು ಬರೆಯುತ್ತಿದ್ದೇನೆ. ದೆವ್ವ, ಮಾಟ, ಸತ್ತವರ ಸಂಚಾರ ಮೊದಲಾದವುಗಳಿಂದ ತುಂಬಿ, ಮೈ ನಡುಗಿಸುತ್ತಿರುವಾಗಲೇ ಹೊಟ್ಟೆ ಹುಣ್ಣಾಗುವಂತೆ ನಗಿಸಿಯೂ ಬಿಡುವ ಕರಾಳ ಅದ್ಭುತಕಥೆಗಳನ್ನು ಕುರಿತು ನಾನು ಹೇಳುತ್ತಿರುವುದು. ಇಂಥವುಗಳಿಗೆ ನಮ್ಮ ಗೋಷ್ಠಿಗಳಲ್ಲಿ ಎರಡು ಬಗೆಯ ಸತ್ಕಾರ ದೊರೆಯುತ್ತದೆ. ಕರ್ತೃವು ಅಪರಿಚಿತನಾದರೆ ಕೃತಿಯನ್ನು ಹುಡುಗಾಟಿಕೆಯೆಂದು ಬದಿಗೆ ಸರಿಸಲಾಗುತ್ತದೆ. ಪ್ರಸಿದ್ಧನಾದರೆ, ಅದರೊಳಗಿನ ದೆವ್ವವು ದೆವ್ವವಲ್ಲ, ಬೇರೆ ಯಾವುದೋ ತತ್ತ್ವದ ಸಂಕೇತವೆಂದು ಮೊದಲ ಪುಟದಲ್ಲಿಯೇ ನಿರ್ಣಯಿಸಿ, ನಗದೆಯೂ ಹೆದರದೆಯೂ ಓದಿ ಮುಗಿಸಲಾಗುತ್ತದೆ. ಈ ಎರಡರಲ್ಲಿ ಯಾವುದು ಹೆಚ್ಚು ಕ್ರೂರವೆಂಬುದನ್ನು ನಾನು ಹೇಳಲಾರೆ.

ಒಂದು ನಿದರ್ಶನವನ್ನು ಹಿಡಿದು ಮಾತನಾಡುವುದು ಮೇಲು. ರಷ್ಯದ ಮಿಖಾಯಿಲ್ ಬುಲ್ಗಾಕೊವನು 1928ರ ಸುಮಾರಿಗೆ ಆರಂಭಿಸಿ, 1940ರಲ್ಲಿ ತೀರಿಕೊಳ್ಳುವವರೆಗೂ ತಿದ್ದುತ್ತಲೇ ಇದ್ದ ‘ಮಾಸ್ಟರ್ ಮತ್ತು ಮಾರ್ಗರಿಟಾ’ ಎಂಬ ಕಾದಂಬರಿಯನ್ನು ತಮ್ಮಲ್ಲಿ ಅನೇಕರು ಇಂಗ್ಲಿಷಿನ ಮೂಲಕ ಬಲ್ಲಿರಿ. ದೇವರೂ ಇಲ್ಲ, ದೆವ್ವವೂ ಇಲ್ಲವೆಂದು ಅಧಿಕೃತವಾಗಿ ತೀರ್ಮಾನವಾಗಿಹೋಗಿರುವ ಮಾಸ್ಕೋ ನಗರಕ್ಕೆ ವಸಂತಕಾಲದ ಒಂದು ಸಂಜೆ ಸಾಕ್ಷಾತ್ ಸೈತಾನನೇ ವೋಲಂಡ್ ಎಂಬ ವಿದೇಶೀ ಪ್ರೊಫೆಸರನಾಗಿ ಬಂದಿಳಿಯುತ್ತಾನೆ. ಅವನ ಪರಿವಾರದಲ್ಲಿ ಒಡಕು ಕನ್ನಡಕದ ಕೊರೋವ್ಯೇವ್, ಕೋರೆಹಲ್ಲಿನ ಅಝಾಝೆಲ್ಲೊ, ಮತ್ತು ಹಂದಿಯ ಗಾತ್ರದ, ಎರಡು ಕಾಲ ಮೇಲೆ ನಡೆಯುವ, ಚದುರಂಗವಾಡುವ ಬೆಹೆಮೋತ್ ಎಂಬ ಕರಿಯ ಬೆಕ್ಕು. ಸಾಹಿತಿಗಳ ಸಂಘದ ಅಧ್ಯಕ್ಷನಾದ ಬೆರ್ಲಿಯೋಜನಿಗೆ, ನಿನ್ನ ತಲೆ ಇಂದು ತುಂಡಾಗುವುದೆಂದು ಪ್ರೊಫೆಸರನು ಸೌಜನ್ಯದಿಂದಲೇ ತಿಳಿಸುತ್ತಾನೆ. ಆ ವೇಳೆಗಾಗಲೇ ಆನ್ನುಷ್ಕಾ ಎಂಬಾಕೆ ಸೂರ್ಯಕಾಂತಿ ಎಣ್ಣೆಯನ್ನು ಕೊಂಡದ್ದೂ ಆಗಿರುತ್ತದೆ, ಚೆಲ್ಲಿದ್ದೂ ಆಗಿರುತ್ತದೆ. ಕೆಲವೇ ಪುಟಗಳ ನಂತರ ಆ ಎಣ್ಣೆಯ ಮೇಲೆ ಜಾರಿದ ಅಧ್ಯಕ್ಷನ ತಲೆಯು ಟ್ರಾಮಿನ ಗಾಲಿಗೆ ಸಿಕ್ಕಿ ರಸ್ತೆಯಲ್ಲಿ ಉರುಳುತ್ತದೆ. ಅದನ್ನು ಓದಿ ಬೆಚ್ಚಿದ ನಾವು ಸಾವರಿಸಿಕೊಳ್ಳುವ ಮೊದಲೇ, ಅದೇ ನಗರದ ಇನ್ನೊಂದು ಟ್ರಾಮನ್ನು ಏರಿದ ಬೆಕ್ಕು ನಿರ್ವಾಹಕಿಯ ಮುಂದೆ ನಾಣ್ಯವನ್ನು ಚಾಚಿ ಟಿಕೆಟು ಕೇಳುತ್ತದೆ. ಬೆಕ್ಕುಗಳಿಗೆ ಪ್ರವೇಶವಿಲ್ಲವೆಂದು ಆಕೆ ಗದರಿಸುತ್ತಾಳೆಯೇ ಹೊರತು, ಬೆಕ್ಕೊಂದು ಹಣ ಕೊಟ್ಟು ಪ್ರಯಾಣಮಾಡಲು ಬಂದಿತೆಂಬ ವಿಸ್ಮಯವು ಆಕೆಗೂ ತೋರುವುದಿಲ್ಲ, ಗಾಡಿಯಲ್ಲಿದ್ದ ಮತ್ತೊಬ್ಬರಿಗೂ ತೋರುವುದಿಲ್ಲ.

ಇಂತಹ ಸಂಮಿಶ್ರಣಕ್ಕೆ ವಿರೋಧವಾಗಿ ತಾವು ಹೇಳಬಹುದಾದ ಅತ್ಯಂತ ಪ್ರಬಲವಾದ ಮಾತನ್ನು ನಮ್ಮ ಆಲಂಕಾರಿಕರೇ ಹೇಳಿಟ್ಟಿದ್ದಾರೆ. ಹದಿನಾಲ್ಕನೆಯ ಶತಮಾನದ ವಿಶ್ವನಾಥನು ತನ್ನ ‘ಸಾಹಿತ್ಯದರ್ಪಣ’ದಲ್ಲಿ ಯಾವ ರಸಕ್ಕೆ ಯಾವ ರಸವು ವಿರೋಧಿಯೆಂಬುದನ್ನು ಎಣಿಸುವಾಗ, ಹಾಸ್ಯಕ್ಕೆ ಭಯಾನಕವೂ ಕರುಣವೂ ಶತ್ರುಗಳೆಂದು ಸ್ಪಷ್ಟವಾಗಿ ನಿರೂಪಿಸಿದ್ದಾನೆ. ಹೆದರಿದವನು ನಗಲಾರನು, ನಗುತ್ತಿರುವವನು ಹೆದರಲಾರನು. ಎರಡನ್ನೂ ಒಂದೆಡೆ ತಂದರೆ ಎರಡೂ ಕೆಡುವುವು ಎಂಬುದು ಸಾಮಾನ್ಯ ಬುದ್ಧಿಗೂ ಒಪ್ಪುವ ಮಾತೇ ಸರಿ. ಆದರೆ ವಿಶ್ವನಾಥನಿಗಿಂತ ಐದು ಶತಮಾನಗಳಷ್ಟು ಹಿಂದೆ ಕಾಶ್ಮೀರದಲ್ಲಿ ‘ಧ್ವನ್ಯಾಲೋಕ’ವನ್ನು ರಚಿಸಿದ ಆನಂದವರ್ಧನನು ರಸವಿರೋಧವನ್ನು ಒಪ್ಪಿಕೊಂಡೇ ಅದರ ಪರಿಹಾರವನ್ನೂ ಸೂಚಿಸಿದ್ದಾನೆ. ವಿರುದ್ಧವಾದ ಎರಡು ರಸಗಳನ್ನು ಬೇರೆ ಬೇರೆ ಆಶ್ರಯಗಳಲ್ಲಿ ನೆಲೆಗೊಳಿಸಬಹುದು. ಅಥವಾ ಅವೆರಡರ ನಡುವೆ ಎರಡಕ್ಕೂ ಹಗೆಯಲ್ಲದ ಮೂರನೆಯದೊಂದು ರಸವನ್ನು ತಂದು ನಿಲ್ಲಿಸಬಹುದು. ಹರ್ಷನ ‘ನಾಗಾನಂದ’ದಲ್ಲಿ ಶಾಂತಕ್ಕೂ ಶೃಂಗಾರಕ್ಕೂ ನಡುವೆ ಅದ್ಭುತವು ನಿಂತು ಸಂಧಾನಮಾಡಿತೆಂಬುದು ಅವನು ಕೊಡುವ ಉದಾಹರಣೆ. ಶಾಸ್ತ್ರವು ಬಾಗಿಲನ್ನು ಮುಚ್ಚಿತೆಂದು ನಾವು ತಿಳಿದೆವು; ಶಾಸ್ತ್ರವಾದರೋ ಬೀಗದ ಕೈಯನ್ನು ನಮ್ಮ ಕೈಯಲ್ಲಿಯೇ ಇರಿಸಿದೆ.

ಮೊದಲನೆಯ ಪರಿಹಾರಕ್ಕೆ ತಾವು ಬಹಳ ದೂರ ಹೋಗಬೇಕಾದುದಿಲ್ಲ. ಏಕಚಕ್ರನಗರದಲ್ಲಿ ಬಕಾಸುರನ ಸರದಿಗೆ ಗುರಿಯಾದ ಬ್ರಾಹ್ಮಣಕುಟುಂಬವು, ನಾನು ಹೋಗುವೆ, ತಾನು ಹೋಗುವೆನೆಂದು ಗೋಳಾಡುವ ಭಾಗವನ್ನು ಕಣ್ಣು ಒದ್ದೆಯಾಗದೆ ಓದುವವರು ಕಡಿಮೆ. ಅದೇ ಕಥೆ ನಾಲ್ಕು ಹೆಜ್ಜೆ ಮುಂದುವರಿದರೆ, ಅಸುರನಿಗೆಂದು ಕಳುಹಿಸಿದ ಬಂಡಿಯ ಅನ್ನವನ್ನು ಭೀಮನು ತಾನೇ ಉಣ್ಣುತ್ತ ಕುಳಿತಿದ್ದಾನೆ. ಬಕನು ಬಂದು ಬೆನ್ನಿನ ಮೇಲೆ ಎರಡೂ ಕೈಗಳಿಂದ ಗುದ್ದುತ್ತಿದ್ದರೂ ತಿರುಗಿಯೂ ನೋಡದೆ ತುತ್ತಿನ ಮೇಲೆ ತುತ್ತು ಇಳಿಸುತ್ತಾನೆ. ಭಯವು ಊರಿನ ಜನರದು, ಹಾಸ್ಯವು ಭೀಮನದು; ನಡುವೆ ಕುಳಿತ ನಾವು ಎರಡನ್ನೂ ಅನುಭವಿಸುತ್ತೇವೆ. ಗಮಕಿಗಳು ಈ ಸಂದರ್ಭವನ್ನು ಹಾಡುವಾಗ ಸಭೆಯು ನಗುವುದನ್ನು ನಾನು ಕೇಳಿದ್ದೇನೆ. ಅದನ್ನು ಯಾರೂ ಹುಡುಗಾಟಿಕೆಯೆನ್ನಲಿಲ್ಲ. ಕರಾವಳಿಯ ಬಯಲಾಟಗಳನ್ನು ನೋಡಿ ಬೆಳೆದವರಿಗಂತೂ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಪಂಜಿನ ಬೆಳಕಿನಲ್ಲಿ, ರಾಳದ ಪುಡಿಯು ಭುಗಿಲೆಂದು ಉರಿಯುತ್ತಿರಲು, ಅಬ್ಬರಿಸುತ್ತ ಪ್ರವೇಶಿಸುವ ಬಣ್ಣದ ವೇಷವನ್ನು ಕಂಡು ಮಕ್ಕಳು ತಾಯಂದಿರ ಸೆರಗಿಗೆ ಮುಖವಿಟ್ಟುಕೊಳ್ಳುತ್ತಿರುವ ಆ ರಂಗಸ್ಥಳದಲ್ಲಿಯೇ ಹಾಸ್ಯಗಾರನು ಬಂದು ಅದೇ ರಾಕ್ಷಸನ ಮೀಸೆಯನ್ನೂ ಹೊಟ್ಟೆಯನ್ನೂ ಕುರಿತು ಕುಶಲ ವಿಚಾರಿಸುತ್ತಾನೆ. ಸೆರಗಿನ ಮರೆಯಿಂದ ಹೊರಬಂದ ಮುಖಗಳಲ್ಲಿ ನಗೆಯಿದ್ದರೂ ಮುಷ್ಟಿಗಳು ಮಾತ್ರ ಸೆರಗನ್ನು ಬಿಟ್ಟಿರುವುದಿಲ್ಲ. ನಗೆಯು ಭಯವನ್ನು ಓಡಿಸಿತೆಂದು ಹೇಳುವುದು ಅಲ್ಲಿ ಸಲ್ಲದು. ಕಣ್ಣು ಮುಚ್ಚಿಕೊಂಡಿದ್ದವರನ್ನು ಕಣ್ಣು ತೆರೆದು ನೋಡುವಂತೆ ಮಾಡಿತು, ಅಷ್ಟೆ.

ಬುಲ್ಗಾಕೊವನ ವೈಶಿಷ್ಟ್ಯವಿರುವುದು ಎರಡನೆಯ ಪರಿಹಾರದಲ್ಲಿ. ಭಯ–ಹಾಸ್ಯಗಳ ನಡುವೆ ಅವನು ಎಲ್ಲೆಲ್ಲಿಯೂ ಅದ್ಭುತವನ್ನು ತಂದು ನಿಲ್ಲಿಸುತ್ತಾನೆ. ನಿಲ್ಲಿಸಿ, ಅದನ್ನು ಕಚೇರಿಯ ಕಡತಗಳ ನಡುವೆ ಕೆಲಸಕ್ಕೆ ಹಚ್ಚುತ್ತಾನೆ. ಮನರಂಜನೆಯ ಆಯೋಗದ ಅಧ್ಯಕ್ಷನೊಬ್ಬನು ಸಿಟ್ಟಿನ ಭರದಲ್ಲಿ ತನ್ನನ್ನು ದೆವ್ವವೇ ಹೊತ್ತುಕೊಂಡು ಹೋಗಲೆಂದು ಬಾಯಿ ಜಾರಿದ್ದೇ ತಡ, ದೆವ್ವವು ಆ ಮಾತನ್ನು ನಡೆಸಿಕೊಡುತ್ತದೆ. ಕುರ್ಚಿಯಲ್ಲಿ ಉಳಿಯುವುದು ಅವನ ಸೂಟು ಮಾತ್ರ. ಕೊರಳಪಟ್ಟಿಯ ಮೇಲೆ ತಲೆಯಿಲ್ಲ, ತೋಳುಗಳ ತುದಿಯಲ್ಲಿ ಕೈಗಳಿಲ್ಲ. ಆದರೂ ಆ ಸೂಟು ಮಸಿಯಿಲ್ಲದ ಲೇಖನಿಯಿಂದ ಕಾಗದಗಳ ಮೇಲೆ ಷರಾ ಬರೆಯುತ್ತಲೇ ಇರುತ್ತದೆ. ಕಾರ್ಯದರ್ಶಿನಿಯು ಅಳುತ್ತಾಳೆ, ಓದುಗನ ಬೆನ್ನಿನಲ್ಲಿ ಛಳಿ ಹುಟ್ಟುತ್ತದೆ. ಕೊನೆಗೆ ಅಧ್ಯಕ್ಷನು ತನ್ನ ಸೂಟಿನೊಳಕ್ಕೆ ಹಿಂದಿರುಗಿ, ತಾನಿಲ್ಲದ ವೇಳೆಯಲ್ಲಿ ಅದು ಹೊರಡಿಸಿದ್ದ ಆಜ್ಞೆಗಳನ್ನೆಲ್ಲ ಪರಿಶೀಲಿಸಿ, ಎಲ್ಲಕ್ಕೂ ತನ್ನ ಸಮ್ಮತಿಯನ್ನು ಕೊಡುತ್ತಾನೆ. ಸರಕಾರೀ ಕಚೇರಿಯ ಮೆಟ್ಟಿಲನ್ನು ಒಮ್ಮೆಯಾದರೂ ಹತ್ತಿದ ಯಾವ ಕನ್ನಡಿಗನು ಈ ವಾಕ್ಯದ ಮುಂದೆ ಗಂಭೀರನಾಗಿ ಕುಳಿತಿರಬಲ್ಲನು?

ಇಷ್ಟಕ್ಕೇ ನಿಂತಿದ್ದರೆ ಇದೊಂದು ಜಾಣ ವಿನೋದವಾಗುತ್ತಿತ್ತು. ನಾನು ತಮ್ಮ ವಿಶೇಷ ಗಮನಕ್ಕೆ ತರಬಯಸುವುದು ಏಳನೆಯ ಅಧ್ಯಾಯದ ಒಂದು ಭಾಗವನ್ನು. ಸಾಡೊವಾಯಾ ಬೀದಿಯ ಐವತ್ತನೆಯ ನಂಬರಿನ ಮನೆಯಲ್ಲಿ ಎರಡು ವರ್ಷಗಳಿಂದ ಜನರು ಕಾಣೆಯಾಗುತ್ತಿದ್ದಾರೆಂದು ನಿರೂಪಕನು ಹರಟೆಯ ಧಾಟಿಯಲ್ಲಿ ಹೇಳತೊಡಗುತ್ತಾನೆ. ಒಂದು ದಿನ ಬಿಳಿಯ ಕೈಗವಸು ತೊಟ್ಟ ಸಭ್ಯನಾದ ಪೊಲೀಸಿನವನೊಬ್ಬನು ಬಂದು, ಒಂದು ರುಜು ಹಾಕಿ ಬರುವುದಿದೆಯೆಂದು ಬಾಡಿಗೆದಾರನನ್ನು ಕರೆದುಕೊಂಡು ಹೋದನು. ಹತ್ತು ನಿಮಿಷದಲ್ಲಿ ಬರುವೆನೆಂದು ಹೇಳಿ ಹೋದವನು ಹತ್ತು ನಿಮಿಷಕ್ಕೂ ಬರಲಿಲ್ಲ, ಎಂದೆಂದಿಗೂ ಬರಲಿಲ್ಲ. ಸೋಜಿಗವೆಂದರೆ ಆ ಪೊಲೀಸಿನವನೂ ಅವನೊಂದಿಗೆ ಕಾಣೆಯಾದನು. ಆ ಮೇಲೆ ಇನ್ನೊಬ್ಬರು, ಮತ್ತೊಬ್ಬರು. ಮನೆಗೆಲಸದ ಮುದುಕಿ ದೈವಭಕ್ತೆ; ಇದು ಮಾಟವೇ ಎಂದು ಅವಳ ತೀರ್ಮಾನ. ಸೈತಾನನು ಆ ಮನೆಯಲ್ಲಿ ಬಿಡಾರ ಹೂಡುವುದು ಇವೆಲ್ಲವೂ ನಡೆದ ನಂತರ. ಎಂದಮೇಲೆ ಆ ಜನರನ್ನು ಕಾಣೆಯಾಗಿಸಿದ್ದು ಅವನಲ್ಲ. ಯಾರೆಂಬುದನ್ನು ಅಂದಿನ ಮಾಸ್ಕೋದಲ್ಲಿ ಅರಿಯದವರಿರಲಿಲ್ಲ, ಬಾಯಿ ಬಿಟ್ಟು ಹೇಳಬಲ್ಲವರೂ ಇರಲಿಲ್ಲ. ಇಲ್ಲಿ ಆಶ್ರಯಗಳೇ ಅದಲುಬದಲಾಗಿಬಿಟ್ಟಿವೆ. ಸೈತಾನನ ಬೆಕ್ಕನ್ನು ಕಂಡು ಪಾತ್ರಗಳು ಹೆದರುತ್ತಿದ್ದರೆ ನಾವು ನಗುತ್ತಿದ್ದೆವು. ಈಗ ಪಾತ್ರಗಳು ಮಾಟವೆಂದು ಸಮಾಧಾನ ತಾಳುತ್ತಿದ್ದರೆ, ನಗುತ್ತಲೇ ಓದುತ್ತಿದ್ದ ನಾವು ಇದ್ದಕ್ಕಿದ್ದಂತೆ ಹೆದರುತ್ತೇವೆ. ದೆವ್ವವಿಲ್ಲದ ಭಯವೇ ಇಲ್ಲಿ ಭಯ; ದೆವ್ವವು ಬಂದುದರಿಂದಲೇ ಅದನ್ನು ನಗುತ್ತ ಹೇಳಿಬಿಡುವ ಅವಕಾಶವು ಲೇಖಕನಿಗೆ ದೊರೆಯಿತು. ಹಾಸ್ಯವು ಭಯದ ನಡುವಣ ವಿಶ್ರಾಂತಿಯೆಂದು ನಾವು ತರಗತಿಗಳಲ್ಲಿ ಹೇಳುವುದುಂಟಷ್ಟೆ. ಈ ಕೃತಿಯಲ್ಲಿ ಅದು ವಿಶ್ರಾಂತಿಯಲ್ಲ, ಭಯದ ನಿಜವಾದ ವಿಳಾಸವನ್ನು ತೋರಿಸುವ ಬೆರಳು.

ಇಂಥ ಹಾಸ್ಯವು ಹೃದಯಹೀನವಲ್ಲವೇ, ತಲೆ ಕಡಿದುದನ್ನು ಓದಿ ನಗುವುದು ಸಂಸ್ಕಾರವೇ ಎಂದು ತಮ್ಮಲ್ಲಿ ಕೆಲವರು ಕೇಳಬಹುದು. ಇದನ್ನು ಬರೆದವನು ಎಂಥವನೆಂಬುದನ್ನು ನೆನೆದರೆ ಉತ್ತರವು ಸುಲಭವಾದೀತು. ಬುಲ್ಗಾಕೊವನು ವೃತ್ತಿಯಿಂದ ವೈದ್ಯ. 1916ರಲ್ಲಿ ಕೀವ್ ನಗರದಲ್ಲಿ ವ್ಯಾಸಂಗವನ್ನು ಮುಗಿಸಿ, ಸ್ಮೋಲೆನ್ಸ್ಕ್ ಪ್ರಾಂತದ ಹಳ್ಳಿಯ ಆಸ್ಪತ್ರೆಯಲ್ಲಿ ಕೆಲಸಮಾಡಿದವನು. 1921ರಲ್ಲಿ ಮಾಸ್ಕೋಗೆ ಬಂದು ಅವನು ನೆಲೆಸಿದ್ದು ಬೊಲ್ಷಾಯಾ ಸಾಡೊವಾಯಾ ಬೀದಿಯ ಕಟ್ಟಡವೊಂದರ ಐವತ್ತನೆಯ ನಂಬರಿನ ಮನೆಯಲ್ಲಿಯೇ. ದಶಕವು ಮುಗಿಯುವುದರೊಳಗೆ ಅವನ ನಾಟಕಗಳೆಲ್ಲವೂ ರಂಗದಿಂದ ಬಹಿಷ್ಕೃತವಾದುವು. 1930ರಲ್ಲಿ ಅವನು ಈ ಕಾದಂಬರಿಯ ಮೊದಲ ಕರಡನ್ನು ತನ್ನ ಕೈಯಿಂದಲೇ ಒಲೆಗೆ ಹಾಕಿದನು. ಅವನ ತಂದೆ ಮೂತ್ರಪಿಂಡದ ರೋಗದಿಂದ ಅಕಾಲದಲ್ಲಿ ತೀರಿಕೊಂಡಿದ್ದರು; 1939ರಲ್ಲಿ ಅದೇ ರೋಗವು ತನಗೂ ಬಂದಿತೆಂದು ತಿಳಿದಾಗ, ವೈದ್ಯನಾದ ಅವನಿಗೆ ಮುಂದಿನದನ್ನು ಬೇರೆಯವರು ಹೇಳಬೇಕಾಗಿರಲಿಲ್ಲ. ದೃಷ್ಟಿ ಕುಂದುತ್ತಿದ್ದ ಆ ತಿಂಗಳುಗಳಲ್ಲಿ ಪತ್ನಿ ಯೆಲೆನಾ ಸೆರ್ಗೇಯೆವ್ನಾ ಓದುತ್ತಿರಲು, ಅವನು ಹಾಸಿಗೆಯಿಂದಲೇ ತಿದ್ದುಪಡಿಗಳನ್ನು ಹೇಳಿ ಬರೆಯಿಸಿದನು. ಕಾದಂಬರಿಯಲ್ಲಿ ನಾಟಕಶಾಲೆಯ ಫಲಾಹಾರಮಂದಿರದ ವ್ಯವಸ್ಥಾಪಕನೊಬ್ಬನು ಖೋಟಾ ನೋಟಿನ ದೂರನ್ನು ಹೊತ್ತು ಸೈತಾನನಲ್ಲಿಗೆ ಬಂದು, ಹಳಸಿದ ಮೀನನ್ನು ಮಾರುವ ವಿಷಯದಲ್ಲಿ ಅವನಿಂದ ಛೀಮಾರಿಯನ್ನೂ, ಒಂಬತ್ತು ತಿಂಗಳ ನಂತರ ಇಂಥ ಆಸ್ಪತ್ರೆಯ ಇಂಥ ಕೊಠಡಿಯಲ್ಲಿ ಯಕೃತ್ತಿನ ಅರ್ಬುದದಿಂದ ಸಾಯುವೆಯೆಂಬ ವರ್ತಮಾನವನ್ನೂ ಪಡೆದು ಹಿಂದಿರುಗುತ್ತಾನೆ. ಅದನ್ನು ಓದಿ ನಗುವಾಗ ನಾವು ಸಾವನ್ನು ಹಗುರಮಾಡುತ್ತಿಲ್ಲ. ಸಾವನ್ನು ಹತ್ತಿರದಿಂದ ಕಂಡ ವೈದ್ಯನೊಬ್ಬನ ಧೈರ್ಯದಲ್ಲಿ ಪಾಲುಗೊಳ್ಳುತ್ತಿದ್ದೇವೆ. ಅವನು ತೀರಿಕೊಂಡದ್ದು 1940ರ ಮಾರ್ಚ್ 10ರಂದು. ಕಾದಂಬರಿಯು, ಅದೂ ಹಲವೆಡೆ ಕತ್ತರಿ ತಗುಲಿಸಿಕೊಂಡು, ‘ಮಾಸ್ಕ್ವಾ’ ಪತ್ರಿಕೆಯ 1966ರ ನವೆಂಬರ್ ಮತ್ತು 1967ರ ಜನವರಿ ಸಂಚಿಕೆಗಳಲ್ಲಿ ಬೆಳಕು ಕಂಡಿತು. ಅಷ್ಟು ಕಾಲ ಹಸ್ತಪ್ರತಿಯನ್ನು ಕಾಪಾಡಿದವಳು ಯೆಲೆನಾ. ಕಾದಂಬರಿಯೊಳಗಿನ ಲೇಖಕನಾದ ಮಾಸ್ಟರನೂ ತನ್ನ ಕೃತಿಯನ್ನು ಸುಟ್ಟವನೇ. ಆ ಸುಟ್ಟ ಪುಸ್ತಕವು ಹಿಂದಿರುಗಿ ಬರುವ ಘಳಿಗೆಯಲ್ಲಿ ಯಾವ ದೇವದುಂದುಭಿಯೂ ಮೊಳಗುವುದಿಲ್ಲ: ಬೆಕ್ಕು ಕುರ್ಚಿಯಿಂದ ಎದ್ದು ನಿಲ್ಲುತ್ತದೆ, ಅದು ಇಷ್ಟು ಹೊತ್ತು ಕುಳಿತಿದ್ದುದು ಹಸ್ತಪ್ರತಿಗಳ ಕಟ್ಟಿನ ಮೇಲೆ! ಲೇಖಕನ ಬಾಳಿನಲ್ಲಿ ಅತ್ಯಂತ ನೋವಿನದಾಗಿದ್ದ ಸಂಗತಿಯು ಕೃತಿಯಲ್ಲಿ ಅತ್ಯಂತ ನಗೆಯ ಸ್ಥಾನವನ್ನು ಹಿಡಿದಿದೆ.

ಈ ಲೇಖಕನಿಗೆ ನಗೆಯನ್ನು ಎಲ್ಲಿ ತಡೆಯಬೇಕೆಂಬುದೂ ಗೊತ್ತು. ಮಾಸ್ಕೋದ ಕಥೆಯ ನಡುವೆ ನಾಲ್ಕು ಅಧ್ಯಾಯಗಳು ಯೆರೂಸಲೇಮಿನ ಪೊಂತ್ಯ ಪಿಲಾತನಿಗೆ ಮೀಸಲಾಗಿವೆ. ಪವಾಡವನ್ನು ನಿರೀಕ್ಷಿಸತಕ್ಕ ಆ ಪುಣ್ಯಕಥೆಯಲ್ಲಿ ಪವಾಡವೂ ಇಲ್ಲ, ಬೆಕ್ಕೂ ಇಲ್ಲ, ಹಾಸ್ಯವೂ ಇಲ್ಲ. ಉರಿಬಿಸಿಲು, ತಲೆನೋವು, ಮತ್ತು ನಿರಪರಾಧಿಯೆಂದು ಬಲ್ಲವನನ್ನು ಮರಣಕ್ಕೆ ಒಪ್ಪಿಸುವ ಅಧಿಕಾರಿಯ ಹೇಡಿತನ, ಇಷ್ಟೇ. ಹಾಗೆಯೇ ಸೈತಾನನ ಔತಣದ ರಾತ್ರಿ ಕೊಲೆಗಡುಕರೂ ವಿಷವಿಕ್ಕಿದವರೂ ಸಾಲುಸಾಲಾಗಿ ಮೆಟ್ಟಿಲೇರಿ ಬರುವಾಗ, ತನ್ನ ಕೂಸನ್ನು ಕರವಸ್ತ್ರದಿಂದ ಉಸಿರುಕಟ್ಟಿಸಿ ಕೊಂದ ಫ್ರೀಡಾ ಎಂಬವಳ ಮುಂದೆ ವಿನೋದವು ತಾನಾಗಿಯೇ ಹಿಂದೆ ಸರಿಯುತ್ತದೆ. ರಾತ್ರಿಯ ಸೇವೆಗೆ ಪ್ರತಿಯಾಗಿ ಒಂದು ವರವನ್ನು ಕೇಳಿಕೊಳ್ಳೆಂದಾಗ ಔತಣದ ಆತಿಥೇಯಳಾಗಿದ್ದ ಮಾರ್ಗರಿಟಾ ತನ್ನ ಪ್ರಿಯನಾದ ಮಾಸ್ಟರನನ್ನು ಕೇಳದೆ, ಫ್ರೀಡಾಳ ಮುಂದೆ ಪ್ರತಿದಿನವೂ ಆ ಕರವಸ್ತ್ರವನ್ನು ತಂದಿಡುವುದು ನಿಲ್ಲಲೆಂದು ಕೇಳುತ್ತಾಳೆ. ವಿಶ್ವನಾಥನು ಹಾಸ್ಯಕ್ಕೆ ಎರಡನೆಯ ಶತ್ರುವೆಂದು ಹೆಸರಿಸಿದ ಕರುಣವು, ಮುನ್ನೂರು ಪುಟಗಳ ನಗೆಯಿಂದ ಹದಗೊಂಡ ಮನಸ್ಸಿನೊಳಕ್ಕೆ ಇಲ್ಲಿ ತಡೆಯಿಲ್ಲದೆ ಪ್ರವೇಶಿಸುತ್ತದೆ.

ನನ್ನ ಸ್ವಂತ ಅನುಭವದ ಒಂದು ಮಾತು. ಸ್ನೇಹಿತರ ಸಣ್ಣ ಕೂಟವೊಂದರಲ್ಲಿ ಈ ಕಾದಂಬರಿಯ ಹನ್ನೆರಡನೆಯ ಅಧ್ಯಾಯವನ್ನು, ಎಂದರೆ ನಾಟಕಶಾಲೆಯಲ್ಲಿ ನಡೆಯುವ ಇಂದ್ರಜಾಲದ ಪ್ರದರ್ಶನವನ್ನು, ಕನ್ನಡದಲ್ಲಿ ಹೇಳುತ್ತ ಹೋದೆನು. ಮಾತಿನ ಮಲ್ಲನಾದ, ಆ ಪ್ರದರ್ಶನದ ನಿರೂಪಕನ ಕಾಟವನ್ನು ತಾಳಲಾರದೆ, ಇವನ ತಲೆ ಕೀಳಿರೆಂದು ಮೇಲಿನ ಅಂತಸ್ತಿನಿಂದ ಒಬ್ಬನು ಕೂಗಿದಾಗ ನಮ್ಮ ಕೊಠಡಿಯೂ ನಕ್ಕಿತು. ಬೆಕ್ಕು ಹಾರಿ ನಿಜವಾಗಿಯೂ ತಲೆಯನ್ನು ಕಿತ್ತು, ಆ ತಲೆಯು ವೈದ್ಯರನ್ನು ಕರೆಯಿರೆಂದು ಅರಚಿಕೊಂಡಾಗ ನಗೆಯು ಅರ್ಧಕ್ಕೇ ನಿಂತಿತು. ಸಭೆಯೊಳಗಿಂದ ಹೆಂಗಸೊಬ್ಬಳು, ದೇವರಾಣೆ, ಅವನನ್ನು ಬಿಟ್ಟುಬಿಡಿರೆಂದು ಬೇಡಿಕೊಳ್ಳುತ್ತಾಳೆ, ತಲೆಯು ಮತ್ತೆ ಕೊರಳಿಗೆ ಸೇರುತ್ತದೆ. ಆಗ ನಮ್ಮಲ್ಲಿ ಹಿರಿಯರೊಬ್ಬರು, ಕೂಗಿದವನ ಜೊತೆಯಲ್ಲಿ ನಕ್ಕವರು ನಾವೇ ಅಲ್ಲವೇ ಎಂದರು. ಯಾವ ವ್ಯಾಖ್ಯಾನದ ನೆರವೂ ಇಲ್ಲದೆ ಅವರು ಕಥೆಯ ಮರ್ಮಕ್ಕೆ ಬಂದುಮುಟ್ಟಿದ್ದರು. ನಗದೆ ಕುಳಿತಿದ್ದರೆ ಆ ಮಾತು ಅವರಿಗೆ ಹೊಳೆಯುತ್ತಿರಲಿಲ್ಲ.

ಆದುದರಿಂದ ಮಾನ್ಯರೇ, ತಮ್ಮಲ್ಲಿ ನಾನು ಮಾಡಿಕೊಳ್ಳುವ ವಿಜ್ಞಾಪನೆಗಳು ಕೆಲವೇ.

ಮೊದಲನೆಯದಾಗಿ, ಇಂಥ ಕೃತಿಯನ್ನು ಕೈಗೆತ್ತಿಕೊಂಡಾಗ ಮೊದಲ ಓದನ್ನು ಕಥೆಗಾಗಿಯೇ ಮುಡಿಪಿಡಬೇಕು. ವೋಲಂಡನು ಯಾರ ಸಂಕೇತ, ಬೆಕ್ಕು ಯಾವ ತತ್ತ್ವದ ಪ್ರತೀಕ ಎಂಬ ಪ್ರಶ್ನೆಗಳು ಎರಡನೆಯ ಓದಿನವರೆಗೆ ಕಾದಿರಬಲ್ಲವು. ರಸವೆಂದರೆ ಆಸ್ವಾದನೆಯೆಂದು ಸಾರಿದ ಪರಂಪರೆಗೆ ಸೇರಿದ ನಾವು ಆಸ್ವಾದವನ್ನು ದಾಟಿ ಅರ್ಥಕ್ಕೆ ನೆಗೆಯುವುದು ಉಚಿತವಲ್ಲ.

ಎರಡನೆಯದಾಗಿ, ಬಳಗಗಳನ್ನು ನಡೆಸುವವರು ವರ್ಷಕ್ಕೊಮ್ಮೆಯಾದರೂ ಇಂಥ ಪುಸ್ತಕದ ಒಂದು ಅಧ್ಯಾಯವನ್ನು, ಭಾಷಣವನ್ನು ಬದಿಗಿರಿಸಿ, ಗಟ್ಟಿಯಾಗಿ ಓದಿಸಬೇಕು. ಭಯವೂ ನಗೆಯೂ ಒಬ್ಬರಿಂದ ಒಬ್ಬರಿಗೆ ಹಬ್ಬತಕ್ಕ ಭಾವಗಳು. ಒಂಟಿಯಾಗಿ ಓದುವವನಿಗೆ ಅರ್ಧವಾಗಿ ದೊರೆಯುವುದು ಹತ್ತು ಮಂದಿಯ ನಡುವೆ ಪೂರ್ಣವಾಗಿ ದೊರೆಯುತ್ತದೆ.

ಮೂರನೆಯದಾಗಿ, ಅಧ್ಯಾಪಕರಲ್ಲಿ ಒಂದು ಮಾತು. ಈ ಕಾದಂಬರಿಯು ಎಳೆಯ ಮಕ್ಕಳಿಗೆ ತಕ್ಕುದಲ್ಲವೆಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಕಾಲೇಜಿನ ಮೆಟ್ಟಿಲು ಹತ್ತಿದ ಹುಡುಗನೋ ಹುಡುಗಿಯೋ ಇಂಥದೊಂದು ಪುಸ್ತಕವನ್ನು ಬೆಂಚಿನ ಕೆಳಗೆ ಹಿಡಿದು ನಗುತ್ತಿರುವುದು ಕಣ್ಣಿಗೆ ಬಿದ್ದರೆ, ಅದನ್ನು ಕಿತ್ತುಕೊಳ್ಳುವ ಮೊದಲು ಯಾವ ಪುಟವು ನಗಿಸಿತೆಂದು ಕೇಳುವ ಔದಾರ್ಯವನ್ನು ತೋರಬೇಕು. ಅಲ್ಲಿಂದ ಗೊಗೊಲನ ‘ಮೂಗು’ ಎಂಬ ಕಥೆಗೂ, ಏಕಚಕ್ರನಗರದ ಬಂಡಿಗೂ ಅವರನ್ನು ಕರೆದೊಯ್ಯುವುದು ಕಷ್ಟವಾಗದು.

ಕಡೆಯದಾಗಿ, ಗ್ರಂಥಾಲಯಗಳಿಗೆ ಪುಸ್ತಕಗಳನ್ನು ಆರಿಸುವ ಸಮಿತಿಗಳಲ್ಲಿ ತಮ್ಮಲ್ಲಿ ಹಲವರು ಇದ್ದೀರಿ. ಮುಖಪುಟದಲ್ಲಿ ದೆವ್ವವೋ ಬೆಕ್ಕೋ ಇದೆಯೆಂಬ ಕಾರಣಕ್ಕೆ ಪುಸ್ತಕವನ್ನು ಸ್ವೀಕರಿಸಬೇಕೆಂದು ನಾನು ಹೇಳುವುದಿಲ್ಲ. ಅದೇ ಕಾರಣಕ್ಕೆ ತಿರಸ್ಕರಿಸಬಾರದೆಂದು ಮಾತ್ರ ಬೇಡಿಕೊಳ್ಳುತ್ತೇನೆ. ಬರಿಯ ರಕ್ತವನ್ನು ಚೆಲ್ಲಿ ಹೆದರಿಸಹೊರಡುವ ಪುಸ್ತಕಗಳೂ, ಬರಿಯ ಚೇಷ್ಟೆಯಿಂದ ನಗಿಸಹೊರಡುವ ಪುಸ್ತಕಗಳೂ ಬೇಕಾದಷ್ಟಿವೆ. ಒಂದು ಇನ್ನೊಂದರ ಕಣ್ಣು ತೆರೆಸುವಂತೆ ಎರಡನ್ನೂ ನಡೆಸಿಕೊಂಡು ಹೋಗಬಲ್ಲವು ವಿರಳ. ಆ ವಿರಳವಾದುವನ್ನು ಗುರುತಿಸಬಲ್ಲ ವಿವೇಕವು ತಮಗಲ್ಲದೆ ಬೇರೆ ಯಾರಿಗಿರಬೇಕು?

ಇಷ್ಟು ಹೇಳಿದ ಮೇಲೂ, ಈ ಕಾದಂಬರಿಯನ್ನು ಓದಿ ತಮಗೆ ಎಲ್ಲಿಯೂ ನಗೆ ಬಾರದಿದ್ದರೆ, ಅಥವಾ ನಗೆಯ ನಡುವೆ ಎಲ್ಲಿಯೂ ಎದೆ ಝಲ್ಲೆನ್ನದಿದ್ದರೆ, ಸಂಕೋಚವಿಲ್ಲದೆ ನನ್ನೊಡನೆ ವಾದಕ್ಕೆ ಬರಬೇಕೆಂದು ಪ್ರಾರ್ಥಿಸುತ್ತೇನೆ. ಸೋಲುವುದಕ್ಕೆ ನಾನು ಸಿದ್ಧನಿದ್ದೇನೆ. ಪುಸ್ತಕವನ್ನು ಓದದೆ ನನ್ನನ್ನು ಸೋಲಿಸುವ ಅವಕಾಶವನ್ನು ಮಾತ್ರ ತಮಗೆ ಕೊಡಲಾರೆ.

ಇತಿ,
ತಮ್ಮಲ್ಲಿ ಗೌರವವುಳ್ಳ,
ತಮ್ಮ ಸಾಲಿನಲ್ಲಿಯೇ ಕುಳಿತಿರುವ ಒಬ್ಬ ಓದುಗ